ತುದಿ ಕಾಣದ ಪಿರಮಿಡ್

ಕಲೋನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ, ದ್ರಾಕ್ಷಿ ತೋಟಗಳ ಮೇಲಿನ ಗುಡ್ಡದಲ್ಲಿ ಒಂದು ಹಾಳು ಪಿರಮಿಡ್ ಇದೆ. ರೋಮನ್ನರ ಕಾಲದ ಯಾವನೋ ವ್ಯಾಪಾರಿಯ ಸಮಾಧಿ ಎನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಕಲ್ಲು. ಒಂದು ಮಗ್ಗುಲು ಕುಸಿದಿದೆ, ತುದಿ ಮಾತ್ರ ಹೇಗೋ ನಿಂತಿದೆ. ಮುಂದೆಯೇ ಹಳೆಯ ರಸ್ತೆ ಹಾದುಹೋಗುತ್ತಿತ್ತಂತೆ. ನಾನೂ ಅಂಗಡಿ ಇಟ್ಟು ಮೇಲೆ ಬಂದವನು. ಸತ್ತ ಮೇಲೂ ರಸ್ತೆಗೆ ಮುಖವಿರುವ ಜಾಗ ಹಿಡಿದವನ ಬಗ್ಗೆ ನನಗೆ ಗೌರವವಿದೆ.

ಫೋಟೋ ತೆಗೆಯುವವಳು ನನ್ನ ಹೆಂಡತಿ. ವಾರವಿಡೀ ಸಾಫ್ಟ್‌ವೇರ್ ಕೆಲಸ, ರಜೆಯಲ್ಲಿ ಕಲ್ಲು. ನಾನು ಕಾರು ಓಡಿಸುತ್ತೇನೆ, ಟ್ರೈಪಾಡ್ ಹೊರುತ್ತೇನೆ, ಕೇಳದಿದ್ದರೂ ಸಲಹೆ ಕೊಡುತ್ತೇನೆ. ಆ ವರ್ಷ ನಮ್ಮ ಬಡಾವಣೆಯ ಲೈಬ್ರರಿಯವರು ಅವಳ ಚಿತ್ರಗಳಿಗೆಂದು ಒಂದು ಗೋಡೆ ಕೊಟ್ಟಿದ್ದರು. ಅದು ಅವಳ ಮೊದಲ ಪ್ರದರ್ಶನ. ಒಂದೇ ಪಿರಮಿಡ್, ನಿಂತದ್ದು ಒಂದೇ ಜಾಗ, ನಾಲ್ಕು ಋತು. ಮೂರು ಆಗಿದ್ದವು, ಚಳಿಗಾಲದ್ದೊಂದು ಬಾಕಿ. ಕೆಳಗೇ ಸುಳಿಯುವ ಚಳಿಗಾಲದ ಸೂರ್ಯನ ಬಿಸಿಲು ಪಕ್ಕದಿಂದ ಬಿದ್ದು ಒಂದೊಂದು ಮೆಟ್ಟಿಲಿನ ಕೆಳಗೂ ನೆರಳಿನ ಗೆರೆ ಎಳೆಯಬೇಕು. ಅವಳಿಗೆ ಬೇಕಾದದ್ದು ಅದು. ಆದರೆ ಸೋಮವಾರದಿಂದ ದುರಸ್ತಿ ಶುರು. ಸುತ್ತ ಗೆರ್ಯುಸ್ಟ್, ಅಂದರೆ ಕಬ್ಬಿಣದ ಕೊಳವೆಗಳ ಅಟ್ಟಣಿಗೆ ಕಟ್ಟಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ಆಮೇಲೆ ಬೇಸಿಗೆಯ ತನಕ ಕಲ್ಲು ಕಾಣದು. ಪ್ರದರ್ಶನ ಅದಕ್ಕಿಂತ ಬಹಳ ಮುಂಚೆ. ಭಾನುವಾರ ಇಡೀ ದಿನ ಮಳೆಯಂತೆ, ಹಾಗಾಗಿ ಉಳಿದದ್ದು ಒಂದು ಶನಿವಾರ.

ಇದಕ್ಕೆಂದೇ ಒಂದು ಲೆನ್ಸ್ ಕೊಂಡಿದ್ದೆವು, ಯಾರೋ ಬಳಸಿದ್ದು. ಹಳೆಯ ಲೆನ್ಸ್ ಕೊಳ್ಳುವುದಾದರೆ ಮಾರುವವನ ಮನೆಗೇ ಹೋಗಬೇಕು. ವಸ್ತುವನ್ನು ಎಲ್ಲಿಂದ ತೆಗೆದುಕೊಡುತ್ತಾನೆ ನೋಡಿ. ಮೆತ್ತನೆಯ ಬಟ್ಟೆಯಿಂದಲೋ, ಬೂಟುಗಳ ನಡುವಿನಿಂದಲೋ. ಚೌಕಾಸಿ ಅಲ್ಲಿಂದ ಶುರು. ಮನೆಗೆ ತಂದು ದೇವರ ಮುಂದಿಟ್ಟು, ಅದರ ಕೊರಳಿಗೆ ಕುಂಕುಮ ಹಚ್ಚಿದ್ದೆ.

ಶನಿವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನಕ್ಕೆ ಮಳೆ ಎಂದು ಫೋನು ಹೇಳುತ್ತಿತ್ತು. ಒಂಬತ್ತು ದಾಟುತ್ತಿದ್ದಂತೆಯೇ ಅವಳು ಬೂಟು ಹಾಕಿ ಬಾಗಿಲಲ್ಲಿ ನಿಂತಳು.

"ಹತ್ತೂವರಿ ತನಕ ತಡಿ," ಎಂದೆ. "ಹೊಸಾ ಲೆನ್ಸು ಮೊದಲ್ನೇ ಸಲ ಹೊರಗ ಹೊಂಟೈತಿ. ಶನಿವಾರ ಒಂಬತ್ತರಿಂದ ರಾಹುಕಾಲ."

"ಹೊಸಾದು ಎಲ್ಲಿಂದ ಬಂತ್ರಿ, ಯಾರೋ ವರ್ಷಗಟ್ಲೆ ತಿಕ್ಕಿ ಬಿಟ್ಟಿದ್ದು."

"ನಮಗ ಹೊಸಾದಲ್ಲೇನು?"

"ಬಿಸಿಲು ನಿಮ್ಮ ಪಂಚಾಂಗ ನೋಡ್ಕೊಂಡು ನಿಂದರತೈತೇನು?"

"ಮಳಿ ಮಧ್ಯಾಹ್ನ ಐತಿ. ಕಾಯಾಕ ಏನ್ ರೊಕ್ಕ ಕೊಡಬೇಕಾ?"

ನನ್ನ ಅಂಗಡಿಯ ಶಟರನ್ನೂ ಮೊದಲ ದಿನ ರಾಹುಕಾಲ ಕಳೆದೇ ಎತ್ತಿದ್ದು. ಖರ್ಚಿಲ್ಲದ ಎಚ್ಚರಿಕೆಯನ್ನು ಯಾಕೆ ಬಿಡಬೇಕು? ಅವಳು ಬೂಟು ಬಿಚ್ಚಲಿಲ್ಲ. ಸೋಫಾದಲ್ಲಿ ಕುಳಿತು ಎದುರುಮನೆಯ ಗೋಡೆಯ ಮೇಲಿನ ಬಿಸಿಲು ನೋಡುತ್ತಿದ್ದಳು.

ಹತ್ತೂವರೆಗೆ ಹೊರಟೆವು. ಹೆದ್ದಾರಿಗೆ ಏರಿ ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಹನಿ ಬಿತ್ತು. ಅವಳು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು.

"ರೀ, ರಾಹುಕಾಲದ ಲೆಕ್ಕಾ ಸೂರ್ಯ ಹುಟ್ಟಿದಾಗಿಂದ ಹೌದಿಲ್ಲ?"

"ಹೌದು."

"ಊರಾಗ ಆರಕ್ಕ ಹುಟ್ತಾನ. ಇಲ್ಲಿ ಇವತ್ತ ಎಂಟರ ಮ್ಯಾಲ ಹುಟ್ಯಾನ. ಇಲ್ಲೀ ರಾಹುಕಾಲ ಶುರು ಆಗಿದ್ದ ಹತ್ತು ದಾಟಿದ ಮ್ಯಾಲ. ಇನ್ನೂ ಮುಗದಿಲ್ಲ."

ನಾನು ವೈಪರ್ ಜೋರು ಮಾಡಿದೆ.

"ಚೊಲೋ ಹೊತ್ತು ಸೋಫಾದ ಮ್ಯಾಲ ಕಳದ್ವಿ," ಎಂದಳು. "ರಾಹು ಬಂದ ಮ್ಯಾಲ ಅವನ್ನ ಕರಕೊಂಡ ಹೊಂಟ್ವಿ."

ಇಲ್ಲಿರುವ ನಮ್ಮವರಿಗೆ ಹೇಳುತ್ತೇನೆ: ರಾಹುಕಾಲ ನೋಡುವುದಾದರೆ ಇಲ್ಲಿಯ ಸೂರ್ಯೋದಯ ಹಿಡಿದು, ಇಲ್ಲಿಯ ಹಗಲನ್ನೇ ಎಂಟು ಪಾಲು ಮಾಡಿ ನೋಡಿ; ಶನಿವಾರಕ್ಕೆ ಅದರಲ್ಲಿ ಮೂರನೆಯದು. ಊರಿನ ಗಂಟೆಯನ್ನು ಹೊತ್ತು ತಂದರೆ ಹೀಗಾಗುತ್ತದೆ.

ಗುಡ್ಡದ ಮೇಲೆ ಗಾಳಿ, ಮಳೆ, ಮಂಜು. ಪಿರಮಿಡ್ಡಿನ ಬುಡ ಕಾಣುತ್ತಿತ್ತು, ತುದಿ ಇರಲಿಲ್ಲ. ಸೋಮವಾರದ ಕೆಲಸಕ್ಕೆ ತಯಾರಿ ಎಂದು ಒಬ್ಬ ಕೆಲಸಗಾರ ಆಗಲೇ ಸುತ್ತ ಕಬ್ಬಿಣದ ಜಾಲರಿ ನಿಲ್ಲಿಸುತ್ತಿದ್ದ. ಒಳಗೆ ಯಾರೂ ಬರುವಂತಿಲ್ಲ ಎಂದು ಕೈ ಬೀಸಿದ. ಆಮೇಲೆ ಅವಳ ಕೈ ನೋಡಿ ಮುಖ ಬದಲಾಯಿತು. ವ್ಯಾನಿಗೆ ಓಡಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದ.

ಮಳೆಗೆ ಲೆನ್ಸಿನ ಕುಂಕುಮ ಕರಗಿ ಅವಳ ಬೆರಳುಗಳಿಂದ ಮಣಿಕಟ್ಟಿನವರೆಗೆ ಇಳಿದಿತ್ತು.

"ರಕ್ತ ಅಲ್ಲ," ಎಂದು ಅವಳು ಜರ್ಮನ್‌ನಲ್ಲಿ ಹೇಳಿದಳು. "ಹೊಸ ವಸ್ತುವಿಗೆ ಹಚ್ಚುತ್ತೇವೆ. ಒಳ್ಳೆಯದಾಗಲಿ ಅಂತ."

ಅವನು ಆಕಾಶ ನೋಡಿದ. "ಸ್ವಲ್ಪ ಜಾಸ್ತಿ ಹಚ್ಚಬೇಕಿತ್ತು."

ಎದುರಿನವನು ತಮಾಷೆ ಮಾಡಿದ ಮೇಲೆ ಮಾತಿಗೆ ಇಳಿಯಬಹುದು. ಒಳಗೆ ಬಿಡು ಎಂದು ನಾನು ಕೇಳಲಿಲ್ಲ. ಚೌಕಾಸಿಯಲ್ಲಿ ಕೇಳಬೇಕಾದದ್ದು ಅವನಿಗೆ ಖರ್ಚಾಗದ್ದನ್ನು. "ಜಾಲರಿ ಯಾವ ಕಡೆಯಿಂದ ನಿಲ್ಲಿಸಿದರೂ ನಿನಗೆ ಒಂದೇ ಅಲ್ಲವೇ? ನಾವು ಹೊರಗೇ ನಿಲ್ಲುತ್ತೇವೆ. ನಮ್ಮ ಮುಂದಿನದನ್ನು ಕೊನೆಗೆ ನಿಲ್ಲಿಸು. ಅದರ ಒಂದು ತುದಿ ನಾನು ಹಿಡಿಯುತ್ತೇನೆ." ಅವನು ಯೋಚಿಸಿ, ಆಚೆ ಬದಿಯಿಂದ ನಿಲ್ಲಿಸಲು ಹೋದ.

ಅವಳು ತನ್ನ ಹಳೆಯ ಗುರುತಿನ ಕಲ್ಲಿನ ಪಕ್ಕ ಟ್ರೈಪಾಡ್ ಊರಿದಳು. ಹೋಟೆಲಿನಲ್ಲಿ ಸ್ನಾನಕ್ಕೆಂದು ಕೊಡುವ ಪ್ಲಾಸ್ಟಿಕ್ ಟೋಪಿಯನ್ನು ಕ್ಯಾಮೆರಾಕ್ಕೆ ಹಾಕಿದೆ. ಅಂಥವನ್ನು ಬಿಟ್ಟು ಬರಬಾರದು. ಛತ್ರಿ ಹಿಡಿದೆ, ಗಾಳಿ ಅದನ್ನು ಮಗುಚಿತು. ಅವಳು ಮಂಜು ಸರಿಯಲೆಂದು ಕಾದಳು. ಸರಿಯಲಿಲ್ಲ. ಬಿಸಿಲಿಲ್ಲ, ಗೆರೆಗಳಿಲ್ಲ, ಎಲ್ಲವೂ ಒಂದೇ ಬೂದಿ ಬಣ್ಣ. ಕೆಲಸಗಾರ ಕೊನೆಯ ಜಾಲರಿ ಎತ್ತಿಕೊಂಡು ನಮ್ಮ ಕಡೆ ಬರುವಾಗ ಕೆಲವು ಚಿತ್ರ ತೆಗೆದಳು.

"ಬರ್ರಿ, ಹಿಡೀರಿ," ಎಂದಳು. "ಮಾತು ಕೊಟ್ಟೀರಲ್ಲ."

ಹಿಡಿದೆ. ಕಾರಿಗೆ ಹತ್ತುವ ಮೊದಲು ಕ್ಯಾಮೆರಾವನ್ನು ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿ ಎಂದು ಯಾರಿಗೇ ಆದರೂ ಹೇಳುತ್ತೇನೆ. ತಣ್ಣನೆಯ ಗಾಜು ಹೀಟರಿನ ಬಿಸಿ ಗಾಳಿಗೆ ಬೆವರುತ್ತದೆ. ವಾಪಸು ಬರುವಾಗ ಅವಳು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಸಲಹೆ ಕೊಡಲಿಲ್ಲ.

ಲೈಬ್ರರಿಯಾಕೆ ಚಿತ್ರಗಳನ್ನು ನೋಡಿ, ಮೂರೇ ಸಾಕಲ್ಲವೇ ಎಂದರು. ನಾಲ್ಕು ಎಂದು ಹೇಳಿದ್ದೇನೆ, ನಾಲ್ಕೂ ಇರಲಿ ಎಂದಳು ಇವಳು. ಬಿಸಿಲಿನ ಮೂರು, ಪಕ್ಕದಲ್ಲಿ ತುದಿ ಇಲ್ಲದ್ದೊಂದು. ತುದಿ ಬಿದ್ದುಹೋಯಿತೇ ಎಂದು ಕೆಲವರು ಕೇಳಿದರು. ಇಲ್ಲ, ಮಂಜು ಎಂದಳು. ಪಂಚಾಂಗದ ವಿಷಯ ಎತ್ತಲಿಲ್ಲ.

ಈಗ ತಾಡಪತ್ರಿ ಹೋಗಿ ವರ್ಷ ದಾಟಿದೆ. ಈ ಚಳಿಗಾಲ ಒಳ್ಳೆಯ ಬಿಸಿಲಿನಲ್ಲಿ ಇನ್ನೊಂದು ತೆಗೆದಳು, ನೆರಳಿನ ಗೆರೆಗಳೆಲ್ಲ ಬಂದಿವೆ. ಪ್ರದರ್ಶನದ ಆ ನಾಲ್ಕು ಚಿತ್ರಗಳು ನಮ್ಮ ಮನೆಬಾಗಿಲ ಒಳಗಿನ ಗೋಡೆಯ ಮೇಲಿವೆ. ಮಂಜಿನದನ್ನು ತೆಗೆದು ಇದನ್ನು ಹಾಕೋಣವೇ ಎಂದೆ.

"ಬ್ಯಾಡ್ರಿ," ಎಂದಳು. "ಅದು ಅಲ್ಲೇ ಇರ್ಲಿ. ಹೊರಡೂ ಹೊತ್ನ್ಯಾಗ ನೀವು ಮತ್ತ ತಡಿ ಅಂದ್ರ, ಬಾಯಿ ನೋಯಿಸ್ಕೊಳ್ಳೂದಿಲ್ಲ. ಅದರ ಕಡೆ ಬೊಟ್ಟು ತೋರಸ್ತೀನಿ."