ಹನಾ ಕಚ್ಚಿಟ್ಟ ರೊಟ್ಟಿ

ಸೀತಾಂಗೋಳಿಯಿಂದ ಹೊರಡುವ ಬೆಳಿಗ್ಗೆ ಉಮ್ಮ, ಎಂದರೆ ನನ್ನ ತಾಯಿ, ಕಾವಲಿಯ ಮೇಲೆ ಗರಿಗರಿಯಾಗುವಂತೆ ಒಣಗಿಸಿದ ಅಕ್ಕಿರೊಟ್ಟಿಯನ್ನು ಹನಾಳ ಬಾಯಿಗೆ ಹಿಡಿದರು. ಅವಳು ಒಂದು ಚೂರು ಕಚ್ಚಿದಳು. ಉಳಿದದ್ದನ್ನು ಉಮ್ಮ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕಿದರು. ನಮ್ಮ ಮನೆಯ ಪದ್ಧತಿ ಇದು. ಕಚ್ಚಿಟ್ಟ ರೊಟ್ಟಿ ಹೋದವರನ್ನು ಎಳೆದು ತರುತ್ತದಂತೆ. ತಿರುಗಿ ಬಂದ ದಿನ ಅದನ್ನು ಚಾಯದಲ್ಲಿ ಅದ್ದಿ ಒಂದಿಷ್ಟು ತಿಂದರೆ ಮಾತ್ರ ಪ್ರಯಾಣ ಮುಗಿದ ಹಾಗೆ. ಗಲ್ಫಿನಲ್ಲಿರುವ ನನ್ನ ಅಣ್ಣಂದಿರೂ ಹೀಗೆ ಕಚ್ಚಿಯೇ ಹೋದವರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದೆಲ್ಲ ನಗುವ ವಿಷಯ. ಆದರೂ ಅಂದು ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದೆ.

ಅದಕ್ಕೆ ಕಾರಣವಿತ್ತು. ನನ್ನ ಮಗಳು ಹನಾ ಹುಟ್ಟಿದ್ದು ಶ್ರೀಲಂಕೆಯ ಬೇರುವಲದಲ್ಲಿ, ಅವಳ ತಂದೆಯ ಊರಲ್ಲಿ. ಮೀನಿಗೆಂದು ಕಡಲಿಗೆ ಹೋದ ಅವರು ತಿರುಗಿ ಬರಲಿಲ್ಲ, ದೋಣಿಯೂ ಸಿಗಲಿಲ್ಲ. ಮೂರು ವರ್ಷದ ಮಗುವನ್ನು ಕಟ್ಟಿಕೊಂಡು ನಾನು ತವರಿಗೆ ಬಂದೆ. ಈಗ ಅವಳಿಗೆ ಆರು. ನನ್ನದು ಭಾರತದ ಪಾಸ್‌ಪೋರ್ಟ್, ಅವಳದು ಲಂಕೆಯದು. ಅವಳಿಗೆ ಇಲ್ಲಿಯ ಪೌರತ್ವ ಬೇಕೆಂದು ಹಾಕಿದ ಅರ್ಜಿ ಕಲೆಕ್ಟರೇಟ್ ದಾಟಿ ಮೇಲೆಲ್ಲೋ ಕುಳಿತಿತ್ತು. ಅಷ್ಟರಲ್ಲಿ ಬೇರುವಲದ ಮಾಮಿ, ಎಂದರೆ ನನ್ನ ಅತ್ತೆ, ಹಾಸಿಗೆ ಹಿಡಿದರು. ಮೊಮ್ಮಗಳನ್ನು ಒಮ್ಮೆ ನೋಡಬೇಕು ಎಂದು ಫೋನಿನಲ್ಲಿ ಅತ್ತರು. ಹೇಗೆ ಇಲ್ಲವೆನ್ನಲಿ?

ವಿದ್ಯಾನಗರದ ಕಲೆಕ್ಟರೇಟ್ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಂಗಸು. “ಹೋಗ್ಲಿಕ್ಕೆ ತೊಂದರೆ ಎಂತ ಇಲ್ಲ ಟೀಚರೇ. ಆದ್ರೆ ಇಂಡಿಯಾದ ವೀಸಾ ಮುಗಿಯುವ ಮೊದಲು ಮಗು ಇಲ್ಲಿ ಇರ್ಬೇಕು. ಬರುವಾಗ ಏರ್‌ಪೋರ್ಟಿನವರು ಒಳಗೆ ಬಿಡದಿದ್ರೆ ನಾವು ಇಲ್ಲಿಂದ ಎಂತ ಮಾಡ್ಲಿಕ್ಕೂ ಆಗುದಿಲ್ಲ” ಎಂದರು.

ಕಾಸರಗೋಡಿನಿಂದ ಆಲುವಾಕ್ಕೆ ಹಗಲಿಡೀ ರೈಲು. ಕಿಟಕಿಯ ಹೊರಗೆ ಜಿಟಿಜಿಟಿ ಮಳೆ, ಕೈಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಬಾಳೆಹಣ್ಣಿನ ಪೋಡಿ. ನೀಲೇಶ್ವರದ ಹೊಳೆ ದಾಟುವಾಗ ಹನಾ ಕೇಳಿದಳು, “ಉಮ್ಮಾ, ವಾಪ್ಪ ಈ ನೀರಲ್ಲಿ ಉಂಟಾ?” ಲಂಕೆಯಲ್ಲಿ ತಂದೆಗೆ ವಾಪ್ಪ ಎನ್ನುತ್ತಾರೆ. ಅವಳ ಬಾಯಲ್ಲಿ ಆ ಶಬ್ದ ಕೇಳದೆ ಎಷ್ಟೋ ಕಾಲವಾಗಿತ್ತು. ಪೋಡಿ ತಿನ್ನು ಎಂದೆ.

ಆಲುವಾದಲ್ಲಿ ಉಳಿದು, ಮರುದಿನ ಕೊಚ್ಚಿಯಿಂದ ವಿಮಾನ ಹತ್ತಿದೆವು. ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಕೊಲಂಬೋ ಬಂದಿತ್ತು. ಅಲ್ಲಿಯ ಅಧಿಕಾರಿ ನನ್ನ ಪಾಸ್‌ಪೋರ್ಟಿಗೆ ಪ್ರವಾಸಿಯೆಂಬ ಮುದ್ರೆ ಒತ್ತಿದ. ಹನಾಳದನ್ನು ನೋಡಿ ತಮಿಳಿನಲ್ಲಿ, “ಊರಿಗೆ ಬಂದೆಯಾ ಮಗಳೇ?” ಎಂದು ನಕ್ಕ. ನನಗೆ ನಗು ಬರಲಿಲ್ಲ. ಬೇರುವಲಕ್ಕೆ ಹೋಗುವ ರೈಲಿನಲ್ಲಿ, ಕಡಲು ಹಳಿಯ ಪಕ್ಕಕ್ಕೇ ಬಂದಲ್ಲೆಲ್ಲ ಅವಳು ನೀರಿಗೆ ಕೈಬೀಸುತ್ತಿದ್ದಳು.

ಮಾಮಿ ಎದ್ದು ಕೂರಲೂ ಆಗದ ಸ್ಥಿತಿಯಲ್ಲಿದ್ದರು. ಅವರ ಹಾಸಿಗೆಯ ಮೇಲಿನ ಜಂತಿಯಲ್ಲಿ ಎರಡು ಬಟ್ಟೆ ಗಂಟುಗಳು ತೂಗುತ್ತಿದ್ದವು. ನನ್ನ ಗಂಡನ ಅಜ್ಜ ಕುಂಬಳೆಯಿಂದ ವ್ಯಾಪಾರಕ್ಕೆ ಹೋಗಿ ಅಲ್ಲೇ ನೆಲೆಸಿದವರು; ರೊಟ್ಟಿ ಕಟ್ಟುವ ಪದ್ಧತಿಯೂ ಅವರೊಂದಿಗೇ ಹೋಗಿತ್ತು.

“ದೊಡ್ಡದು ನನ್ನ ಮಗನದ್ದು,” ಮಾಮಿ ತಮಿಳು ಬೆರೆತ ಬ್ಯಾರಿಯಲ್ಲಿ ಹೇಳಿದರು. “ಚಿಕ್ಕದು ಹನಾಳದ್ದು. ನೀವು ಹೊರಟ ದಿನ ನಾನೇ ಕಚ್ಚಿಸಿದ್ದಲ್ವಾ? ಈಗ ಮಗು ವಾಪಸ್ ಬಂತು. ತಿನ್ನಿಸು.”

ತಿಂದರೆ ಅವಳು ತಿರುಗಿ ಬಂದದ್ದು ಈ ಮನೆಗೆ ಎಂದಾಗುತ್ತದೆ. ವಿಜ್ಞಾನದ ಟೀಚರಾದ ನಾನು ನೆಪ ಹುಡುಕಿದೆ. ಮಗುವಿಗೆ ಹೊಟ್ಟೆ ಸರಿಯಿಲ್ಲ, ನಾಳೆ ನೋಡುವ ಎಂದೆ. ಮರುದಿನವೂ ಅದನ್ನೇ ಹೇಳಿದೆ.

ಹೊರಡುವ ಹಿಂದಿನ ಮಧ್ಯಾಹ್ನ, ಮಾಮಿ ಮತ್ತು ಹನಾ ನಿದ್ದೆ ಮಾಡುವಾಗ, ಬಾಗಿಲು ಎಳೆದುಕೊಂಡು ಪಕ್ಕದ ಅಂಗಡಿಗೆ ಹೋಗಿದ್ದೆ. ಬಂದಾಗ ಹನಾ ನೆಲದ ಮೇಲೆ ಕುಳಿತು ಕಟಕಟ ಎಂದು ಏನನ್ನೋ ಜಗಿಯುತ್ತಿದ್ದಳು. ಪಕ್ಕದಲ್ಲಿ ಚಿಕ್ಕ ಗಂಟಿನ ಬಟ್ಟೆ ನೀಟಾಗಿ ಬಿಚ್ಚಿಕೊಂಡಿತ್ತು. ಮಾಮಿ ಇನ್ನೂ ನಿದ್ದೆಯಲ್ಲಿದ್ದರು. ಆ ಜಂತಿ ಸ್ಟೂಲಿನ ಮೇಲೆ ನಿಂತರೂ ನನಗೆ ಎಟುಕುವುದಿಲ್ಲ.

“ಯಾರು ಇಳಿಸಿಕೊಟ್ಟದ್ದು ಮೋಳೆ?” ಮಗಳನ್ನು ಕೇಳಿದೆ.

“ವಾಪ್ಪ.”

“ಸುಳ್ಳು ಹೇಳ್ಬೇಡ. ವಾಪ್ಪ ಹೇಗಿದ್ರು ಹೇಳು ನೋಡುವ.”

“ಒದ್ದೆ ಇದ್ರು,” ಎಂದಳು, ಮತ್ತೊಂದು ಚೂರು ಬಾಯಿಗೆ ಹಾಕಿಕೊಂಡು.

ನೆಲವನ್ನೆಲ್ಲ ಅಂಗೈಯಿಂದ ಸವರಿ ನೋಡಿದೆ. ಒಣಗಿತ್ತು. ಹೆದರಿಕೆಯ ನಡುವೆಯೂ ಅವರು ನನಗಾಗಿ ಸ್ವಲ್ಪ ಹೊತ್ತು ನಿಲ್ಲಬಾರದಿತ್ತೇ ಎನ್ನಿಸಿತು. ಮರುದಿನ ನಾವು ಹೊರಡುವಾಗ ದೊಡ್ಡ ಗಂಟು ಅಲ್ಲೇ ಇತ್ತು.

ಕೊಚ್ಚಿಯಲ್ಲಿ ಅಧಿಕಾರಿ ಹನಾಳ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. “ಅರ್ಜಿ ಹಾಕಿ ಯಾಕೆ ಹೊರಗೆ ಹೋದದ್ದು?” ಎಂದು ಮಲಯಾಳದಲ್ಲಿ ಕೇಳಿ, ಅದನ್ನು ಹಿಡಿದುಕೊಂಡು ಒಳಗೆ ಹೋದ. ನಮ್ಮ ವಿಮಾನದವರೆಲ್ಲ ಹೊರಗೆ ಹೋಗಿ ಆ ಜಾಗ ಖಾಲಿಯಾಯಿತು. ಇವಳನ್ನು ಇಲ್ಲಿಂದಲೇ ತಿರುಗಿಸಿ ಕಳಿಸಿದರೆ? ಅಲ್ಲಿ ತಿಂದುಬಿಟ್ಟಳಲ್ಲ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಹನಾ ಮಾತ್ರ ಹಾಯಾಗಿ ಕಾಲು ಆಡಿಸುತ್ತಿದ್ದಳು. “ಬಿಡ್ತಾರೆ ಉಮ್ಮಾ,” ಎಂದಳು. ಆತ ಹೊರಗೆ ಬಂದವನೇ ಮುದ್ರೆ ಒತ್ತಿ ಕೊಟ್ಟ. ನಾನು ಅಲ್ಲೇ ಅತ್ತುಬಿಟ್ಟೆ.

ಮನೆ ಮುಟ್ಟಿದ ಕೂಡಲೇ ಉಮ್ಮ ಗಂಟು ಇಳಿಸಿ, ಚಾಯ ಇಟ್ಟರು. ಹನಾ ತಲೆ ಅಲ್ಲಾಡಿಸಿದಳು. “ನಂಗೆ ಬೇಡ. ಅಲ್ಲಿ ತಿಂದಾಯ್ತಲ್ಲ.” ಉಮ್ಮನ ಮುಖ ಬಿಳುಚಿತು. ಗಂಟನ್ನು ಮತ್ತೆ ಜಂತಿಗೇ ಕಟ್ಟಿದರು.

ಅಂದು ಸಂಜೆ ಬೇರುವಲದಿಂದ ಫೋನ್ ಬಂತು. “ಅವನ ಗಂಟು ಇಲ್ಲಿ ಕಾಣುದಿಲ್ಲ. ನೀನು ತಕೊಂಡು ಹೋದ್ಯಾ?” ಮಾಮಿ ಕೇಳಿದರು. ಇಲ್ಲವೆಂದೆ. “ಹಾಗಾದ್ರೆ ಸರಿ,” ಎಂದರು. ಅವರ ದನಿಯಲ್ಲಿ ಸಂತೋಷವಿತ್ತು.

ಅರ್ಜಿ ಈಗಲೂ ಮೇಲೆಯೇ ಇದೆ. ನಮ್ಮ ಅಡುಗೆಮನೆಯ ಗಂಟೂ ಹಾಗೆಯೇ ಇದೆ. ಮೊನ್ನೆ ಒಂದು ಚೂರಾದರೂ ತಿನ್ನು ಎಂದು ಹನಾಳನ್ನು ಪುಸಲಾಯಿಸಿದೆ.

“ವಾಪ್ಪ ಬಂದ ಮೇಲೆ ತಿನ್ನುವ.”

“ವಾಪ್ಪ ಇಲ್ಲಿಗೆ ಹೇಗೆ ಬರ್ತಾರೆ ಮೋಳೆ?”

“ಅವರಿಗೆ ವೀಸಾ ಬೇಡವಂತೆ.”

ಅಂದಿನಿಂದ ಅಡುಗೆಮನೆಯ ಹಿಂಬಾಗಿಲಿಗೆ ಅಗುಳಿ ಹಾಕಲು ನನಗೆ ಕೈ ಬರುವುದಿಲ್ಲ.