ಸಿಸಿಲಿ ಬಾಯಮ್ಮ ಕೂತು ಉಂಡದ್ದು

ಸಿಸಿಲಿ ಬಾಯಮ್ಮ ಕೂತು ಉಂಡದ್ದನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ. ಮೊದಲನೆಯದನ್ನು ನೋಡಲು ರೋಮಿನವರೆಗೆ ಹೋಗಬೇಕಾಯಿತು.

ಉಳಿದ ದಿನಗಳಲ್ಲಿ ಅವರು ಉಣ್ಣುವ ಜಾಗ ಒಂದೇ. ದೋಹಾದ ಮುಐದರ್ ಬಡಾವಣೆಯ ದೊಡ್ಡ ವಿಲ್ಲಾ ಒಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರಲ್ಲ, ಅದರಲ್ಲಿ ಹಿಂಬದಿಯ ಎರಡು ಕೋಣೆ ಅವರದು. ಅಡುಗೆಮನೆಯ ಬಾಗಿಲಲ್ಲೇ ಫ್ರಿಜ್. ಆ ಫ್ರಿಜ್ಜಿಗೆ ಬೆನ್ನು ಕೊಟ್ಟು, ಎಡ ಅಂಗೈ ಮೇಲೆ ಸ್ಟೀಲಿನ ತಟ್ಟೆ ಇಟ್ಟುಕೊಂಡು ಬಾಯಮ್ಮ ನಿಲ್ಲುತ್ತಿದ್ದರು. ಅಲ್ಲಿಂದ ಒಳಗೆ ಒಲೆಯ ಮೇಲಿನ ಪಾತ್ರೆಯೂ ಕಾಣುತ್ತಿತ್ತು, ಹೊರಗೆ ನಮ್ಮ ತಟ್ಟೆಗಳೂ ಕಾಣುತ್ತಿದ್ದವು. ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಯಾರದೋ ತಟ್ಟೆಯಲ್ಲಿ ಸಾರು ಮುಗಿದದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ತಮ್ಮ ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟು, ಸೌಟು ಹಿಡಿದು ಬಂದೇಬಿಡುತ್ತಿದ್ದರು. ಬೇಡ ಅಂದರೆ ಕೇಳುವ ಜನವಲ್ಲ.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ರೂಢಿ. ಬಾಯಮ್ಮನ ಗಂಡ ಲಾರೆನ್ಸ್ ಪೊರ್ಬುಗಳು ನನ್ನ ಆಫೀಸಿನಲ್ಲೇ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ನಾನು ಕಟಪಾಡಿಯಿಂದ ದೋಹಾಕ್ಕೆ ಬಂದ ಹೊಸತು. ಕುಬ್ಬೂಸ್ ರೊಟ್ಟಿಗೆ ಟೊಮೆಟೊ ಗೊಜ್ಜು ಹಚ್ಚಿ ತಿನ್ನುತ್ತಾ ಸೊರಗುತ್ತಿದ್ದವನನ್ನು ನೋಡಿ ಅವರಿಗೆ ಕನಿಕರ ಬಂತು. "ಶುಕ್ರವಾರ ಮನೆಗೆ ಬಾ ಮಾರಾಯಾ, ಹೀಗೇ ಇದ್ರೆ ನೀನು ಗಾಳಿಗೆ ಹಾರಿ ಹೋಗ್ತಿ" ಎಂದರು. ಒಂದು ಶುಕ್ರವಾರಕ್ಕೆಂದು ಹೋದವನು ಏಳೆಂಟು ವರ್ಷ ಅಲ್ಲೇ ಉಂಡೆ. ಬೆಳಗಿನ ಬಲಿಪೂಜೆ ಮುಗಿಸಿ ಬಂದವರೇ ಬಾಯಮ್ಮ ಬಂಗುಡೆ ಮೀನಿನ ಪುಳಿಮುಂಚಿಗೆ ಮಸಾಲೆ ಅರೆಯಲು ನಿಲ್ಲುತ್ತಿದ್ದರು. ನನ್ನಂಥ ನಾಲ್ಕೈದು ಬ್ರಹ್ಮಚಾರಿಗಳು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, "ಯಲ್ಲಾ, ಬೇಗ ಕೈ ತೊಳೀರಿ" ಎಂದು ಒಳಗಿನಿಂದಲೇ ಅಪ್ಪಣೆ.

ನಮ್ಮ ಜೊತೆ ಕೂರಿ ಎಂದು ಎಷ್ಟು ಸಲ ಹೇಳಿದ್ದೇನೋ.

"ಕೂತು ತಿಂದ್ರೆ ಅನ್ನ ಬೇರೆ ದಾರಿಯಲ್ಲಿ ಹೋಗ್ತದಾ?" ಎನ್ನುತ್ತಿದ್ದರು. "ನಾನು ಕೂತ್ರೆ ಖಲಾಸ್. ಮತ್ತೆ ನಿಮಗೆ ಬಡಿಸುವುದು ಯಾರು?"

ಊಟದ ಮೇಜಿನಲ್ಲಿ ಪೊರ್ಬುಗಳ ಎದುರಿನ ಕುರ್ಚಿ ಮಾತ್ರ ಯಾವಾಗಲೂ ಖಾಲಿ. ಎಷ್ಟು ಜನ ಬಂದರೂ ಅದರಲ್ಲಿ ಕೂರಲು ಅವರು ಯಾರನ್ನೂ ಬಿಡುತ್ತಿರಲಿಲ್ಲ. ಯಾಕೆಂದು ನನಗೆ ತಿಳಿದದ್ದು ತಡವಾಗಿ. ಒಮ್ಮೆ ನನ್ನನ್ನು ಕಾರಿನಲ್ಲಿ ರೂಮಿಗೆ ಬಿಡುವಾಗ ತಾವಾಗಿಯೇ ಹೇಳಿದರು: "ಮದುವೆಯಾಗಿ ಮೂವತ್ತು ವರ್ಷ ಆಗ್ತಾ ಬಂತು. ನನ್ನ ಎದುರು ಕೂತು ಒಂದು ಊಟ ಮಾಡಿದವಳಲ್ಲ. ಮದುವೆಯ ದಿನ ಕೂತಿದ್ಳು, ಅವತ್ತು ನಾಚಿಕೆಯಲ್ಲಿ ಎಂತದೂ ತಿನ್ಲಿಲ್ಲ. ಈಗ ಅವಳು ಉಣ್ಣುವುದನ್ನು ನೋಡ್ಬೇಕಾದ್ರೆ ನಾನು ಕತ್ತು ತಿರುಗಿಸ್ಬೇಕು."

ನಗುತ್ತಲೇ ಹೇಳಿದರು. ಆದರೆ ಆಸೆ ನಿಜವಾದದ್ದು ಎಂದು ನನಗೆ ಗೊತ್ತಾಯಿತು, ಮನಸ್ಸಿಗೆ ನಾಟಿತು.

ದೋಹಾದಲ್ಲೇ ಒಂದು ಸಲ ಪ್ರಯತ್ನ ನಡೆದಿತ್ತು. ಬಾಯಮ್ಮನ ಹುಟ್ಟುಹಬ್ಬಕ್ಕೆ ಪೊರ್ಬುಗಳು ನಮ್ಮನ್ನೆಲ್ಲ ಒಳ್ಳೆಯ ಹೋಟೆಲಿಗೆ ಕರೆದುಕೊಂಡು ಹೋದರು. ಆರ್ಡರ್ ಕೊಡುವವರೆಗೆ ಬಾಯಮ್ಮ ಕೂತಿದ್ದರು. ಬಿರಿಯಾನಿ ಬಂತು ನೋಡಿ, ಎದ್ದರು. ವೇಟರನ ಕೈಯಿಂದ ಚಮಚ ತೆಗೆದುಕೊಂಡು ನಮಗೆಲ್ಲ ಬಡಿಸಿದರು, ಪಕ್ಕದ ಮೇಜಿನ ಮಲಯಾಳಿ ಮಗುವಿಗೂ ಒಂದು ತುಂಡು ಹಾಕಿದರು. ಆಮೇಲೆ ಅಡುಗೆಮನೆ ನೋಡಿ ಬರುತ್ತೇನೆಂದು ಹೋದವರು, ನಾವು ಕೈ ತೊಳೆಯುವಾಗ ವಾಪಸು ಬಂದರು. ಅಲ್ಲಿಯ ಅಡುಗೆಯವನು ಕುಂದಾಪುರದವನಂತೆ. ಅವನ ಜೊತೆ ನಿಂತೇ ಉಂಡಿದ್ದರು.

"ಇದು ದೋಹಾದಲ್ಲಿ ಆಗುವ ಕೆಲಸ ಅಲ್ಲ" ಎಂದು ಪೊರ್ಬುಗಳು ತೀರ್ಮಾನಿಸಿದರು.

ರೋಮಿನ ದೊಡ್ಡ ಇಗರ್ಜಿಯನ್ನು, ಪೋಪರ ಚರ್ಚನ್ನು, ನೋಡಬೇಕೆಂಬುದು ಬಾಯಮ್ಮನ ಬಹುಕಾಲದ ಆಸೆ. 2006ರಲ್ಲಿ, ಮದುವೆಯ ಮೂವತ್ತನೆಯ ವರ್ಷಕ್ಕೆ, ಅದು ಕೂಡಿಬಂತು. ಇಂಗ್ಲಿಷ್ ಮಾತಾಡಲು, ಮ್ಯಾಪ್ ನೋಡಲು ಒಬ್ಬ ಬೇಕೆಂದು ನನ್ನನ್ನೂ ಎಳೆದರು. "ಇಗರ್ಜಿ ಅವಳಿಗೆ, ಊಟ ನನಗೆ" ಎಂದು ಪೊರ್ಬುಗಳು ನನ್ನ ಕಿವಿಯಲ್ಲಿ ಹೇಳಿದರು. ಒಳ್ಳೆಯ ಜಾಗ ಹುಡುಕುವುದು ನನ್ನ ಪಾಲಿಗೆ ಬಂತು. ರೋಮ್ ನೋಡಿ ಬಂದ ಸಹೋದ್ಯೋಗಿಗಳನ್ನೆಲ್ಲ ವಿಚಾರಿಸಿದೆ. ಸ್ಟೇಷನ್ ಹತ್ತಿರ ಇಂಡಿಯನ್ ಹೋಟೆಲ್ ಇದೆ ಎಂದ ಒಬ್ಬ. ಚೌಕದಲ್ಲಿ ಕೂರಬೇಡಿ, ಓಣಿಗೆ ಹೋಗಿ ಎಂದ ಇನ್ನೊಬ್ಬ. ಪೊರ್ಬುಗಳಿಗೆ ಇದಾವುದೂ ಬೇಕಿರಲಿಲ್ಲ. "ರುಚಿ ಹೇಗಿದ್ರೂ ಅಡ್ಡಿಯಿಲ್ಲ ಮಾರಾಯಾ. ಕುರ್ಚಿ ಗಟ್ಟಿ ಇರ್ಬೇಕು, ಕಿಚನ್ ಕಾಣಬಾರದು."

ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ಕಾಫಿಗೆಂದು ಒಳಹೊಕ್ಕರೆ ಅಂಗಡಿ ತುಂಬ ಜನ, ಒಬ್ಬರೂ ಕೂತಿಲ್ಲ. ಕೋಟು ಟೈ ಹಾಕಿದ ಸಾಹೇಬರು, ಮುತ್ತಿನ ಸರ ಹಾಕಿದ ಹೆಂಗಸರು, ಎಲ್ಲರೂ ಕೌಂಟರಿನ ಕಟ್ಟೆಗೆ ಮೊಣಕೈ ಊರಿ ನಿಂತು ಸಣ್ಣ ಕಪ್ಪಿನಲ್ಲಿ ಕಾಫಿ ಕುಡಿಯುತ್ತಿದ್ದರು. ಮೂಲೆಯಲ್ಲಿ ಮೇಜು ಕುರ್ಚಿ ಇದ್ದವು. ಆದರೆ ಕೂತು ಕುಡಿದರೆ ಅದೇ ಕಾಫಿಗೆ ಹೆಚ್ಚು ದರವೆಂದು ಬೋರ್ಡಿನಲ್ಲಿ ಬರೆದಿತ್ತು. ನಾನು ಓದಿ ಹೇಳಿದ್ದೇ ತಪ್ಪಾಯಿತು.

ಬಾಯಮ್ಮನ ಮುಖ ಅರಳಿತು. "ನೋಡಿದ್ರಾ?" ಎಂದು ಗಂಡನ ಕಡೆ ತಿರುಗಿದರು. "ಪೋಪ್ ಇರುವ ಊರಿನಲ್ಲೇ ಎಲ್ಲರೂ ನನ್ನ ಹಾಗೆ. ನೀವು ಇಷ್ಟು ವರ್ಷ ನನಗೆ ಬುದ್ಧಿ ಹೇಳಿದ್ದು."

ಆಮೇಲೆ ಎರಡು ದಿನ ನಾವು ಆ ಮಹಾನಗರದಲ್ಲಿ ನಿಂತೇ ತಿಂದೆವು. ಕತ್ತರಿಯಲ್ಲಿ ಕತ್ತರಿಸಿ ಕಾಗದದ ಮೇಲೆ ಕೊಟ್ಟ ಪಿಜ್ಜಾವನ್ನು ರಸ್ತೆ ಬದಿ ನಿಂತು ತಿಂದೆವು. ಬ್ರೆಡ್ಡಿನ ನಡುವೆ ಇಟ್ಟು ಕೊಡುವ ಹುರಿದ ಹಂದಿಮಾಂಸವನ್ನು ಕಂಡು ಪೊರ್ಬುಗಳ ಕಣ್ಣಲ್ಲಿ ನೀರೇ ಬಂತು. ದೋಹಾದಲ್ಲಿ ಅದರ ವಾಸನೆಗೂ ಗತಿಯಿರಲಿಲ್ಲ. ಆದರೆ ಅದನ್ನೂ ನಿಂತೇ ತಿನ್ನಬೇಕಾಯಿತು. ಬಾಯಮ್ಮನಿಗೆ ಊರು ಬಹಳ ಹಿಡಿಸಿತು. ಪೊರ್ಬುಗಳ ಮಾತು ಕಡಿಮೆಯಾಗುತ್ತಾ ಹೋಯಿತು.

ಕೊನೆಯ ದಿನ ಮಧ್ಯಾಹ್ನ, ನದಿ ದಾಟಿ ಓಣಿಗಳಲ್ಲಿ ಅಲೆದು ಕಾಲು ಸೋತಾಗ ಒಂದು ಪುಟ್ಟ ಹೋಟೆಲ್ ಸಿಕ್ಕಿತು. ನಾಲ್ಕೈದು ಮೇಜು, ಮೇಲೆ ಬಿಳಿ ಕಾಗದ ಹಾಸಿತ್ತು. ಅಡುಗೆಮನೆಗೆ ಬಾಗಿಲೇ ಇಲ್ಲ, ಎಲ್ಲ ಕಾಣುತ್ತಿತ್ತು. ಪೊರ್ಬುಗಳು ನನ್ನನ್ನು ನೋಡಿದ ನೋಟದಲ್ಲಿ ಆಸೆ ಬಿಟ್ಟಾಗಿತ್ತು.

ಬಾಯಮ್ಮ ಎಂದಿನಂತೆ ಆ ಕಡೆ ಹೊರಟರು. ನಡುವೆಯೇ ನಿಂತರು. ಒಲೆಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಎಪ್ರನ್ ಕಟ್ಟಿದ ಮುದುಕಿಯೊಬ್ಬಳು ಎಡಗೈಯಲ್ಲಿ ಬಟ್ಟಲು ಹಿಡಿದು ಉಣ್ಣುತ್ತಿದ್ದಳು. ಒಂದು ಕಣ್ಣು ಪಾತ್ರೆಯ ಮೇಲೆ, ಇನ್ನೊಂದು ಗಿರಾಕಿಗಳ ತಟ್ಟೆಯ ಮೇಲೆ. ಇಬ್ಬರು ಹೆಂಗಸರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

"ಪಾಪ, ಅವಳಿಗೆ ಕೂತು ತಿನ್ಲಿಕ್ಕೆ ಹೇಳು ಮಗಾ" ಎಂದರು ಬಾಯಮ್ಮ.

ನಾನು ಕುರ್ಚಿ ತೋರಿಸಿ ಸನ್ನೆ ಮಾಡಿದೆ. ಮುದುಕಿ ತನ್ನ ಭಾಷೆಯಲ್ಲಿ ಏನೋ ಹೇಳಿ ನಮ್ಮ ಕಡೆ ಕೈ ಬೀಸಿದಳು. ಭಾಷೆ ಬರದಿದ್ದರೂ ಅರ್ಥ ನಮಗೆ ಮೂವರಿಗೂ ಗೊತ್ತಿತ್ತು, ನಾಲ್ಕೈದು ವರ್ಷಗಳಿಂದ ನಾನು ಪ್ರತಿ ಶುಕ್ರವಾರ ಕೇಳಿದ ಮಾತೇ ಅದು. ಪೊರ್ಬುಗಳು ನಗು ತಡೆಯಲಾರದೆ ಕೆಮ್ಮಿದರು.

ಬಾಯಮ್ಮ ಹಿಂದಿರುಗಿ ಬಂದು ಗಂಡನ ಎದುರಿನ ಕುರ್ಚಿ ಎಳೆದು ಕೂತರು. "ಒಬ್ಬಳು ನಿಂತಿದ್ದಾಳಲ್ಲ, ಸಾಕು" ಎಂದರು. "ಇಬ್ಬರು ಎಂತಕ್ಕೆ?"

ನಾನು ಮ್ಯಾಪ್ ನೋಡುವ ನೆಪ ಹೇಳಿ ಬೇರೆ ಮೇಜಿಗೆ ಹೋದೆ. ಅವತ್ತು ಮುದುಕಿ ಏನು ಬಡಿಸಿದಳೋ ನನಗೆ ನೆನಪಿಲ್ಲ. ಪೊರ್ಬುಗಳು ಕತ್ತು ತಿರುಗಿಸದೆ ಊಟ ಮಾಡಿದ್ದು ನೆನಪಿದೆ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಆ ಪ್ರವಾಸದಲ್ಲಿ ಬೇರೆ ಇರಲಿಲ್ಲ.

ದೋಹಾಕ್ಕೆ ಬಂದ ಮೇಲೆ ಬಾಯಮ್ಮ ಮತ್ತೆ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು. "ಇಲ್ಲಿ ಬೇರೆ ಯಾರು ನಿಂತಿದ್ದಾರೆ?" ಎಂಬುದು ಅವರ ಪ್ರಶ್ನೆ. ಪೊರ್ಬುಗಳು ಒತ್ತಾಯಿಸಲಿಲ್ಲ. ಎದುರಿನ ಕುರ್ಚಿಯನ್ನು ಖಾಲಿ ಇಡುವುದನ್ನು ಮಾತ್ರ ಬಿಡಲಿಲ್ಲ.

ಮೂರು ವರ್ಷದ ಮೇಲೆ ಪೊರ್ಬುಗಳು ನಿವೃತ್ತರಾಗಿ ಇಬ್ಬರೂ ಊರಿಗೆ ಹೊರಟರು. ಹೊರಡುವ ದಿನವೂ ಶುಕ್ರವಾರವೇ. ನಾನು ಹೋದಾಗ ಮನೆ ಬರಿದಾಗಿತ್ತು. ಮೇಜು, ಕುರ್ಚಿ, ಫ್ರಿಜ್, ಎಲ್ಲ ಯಾರ್ಯಾರ ಮನೆಗೋ ಹೋಗಿದ್ದವು. ಉಳಿದದ್ದು ಎರಡು ಪಾತ್ರೆ, ಕಾಗದದ ತಟ್ಟೆಗಳು, ಹಗ್ಗ ಬಿಗಿದ ಎರಡು ಸೂಟ್‌ಕೇಸ್. ಆದರೂ ಬಾಯಮ್ಮ ಅನ್ನ, ಮೀನು ಸಾರು ಮಾಡಿದ್ದರು. ನಾವೆಲ್ಲ ತಟ್ಟೆ ಹಿಡಿದು ನಿಂತೆವು. ಕೂರಲು ಎಲ್ಲಿ ಏನಿತ್ತು?

ಬಾಯಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಮೆಲ್ಲಗೆ ಹೋಗಿ ಒಂದು ಸೂಟ್‌ಕೇಸಿನ ಮೇಲೆ ಕೂತರು. ಪೊರ್ಬುಗಳು ಇನ್ನೊಂದನ್ನು ಎಳೆದು ಅವರ ಎದುರಿಗೆ ಇಟ್ಟುಕೊಂಡು ಕೂತರು.

"ಸ್ವಲ್ಪ ಅನ್ನ ಹಾಕು ಮಗಾ" ಎಂದರು ಬಾಯಮ್ಮ.

ನನ್ನ ಹತ್ತಿರ ಅವರು ಹಾಗೆ ಕೇಳಿದ್ದು ಅದೇ ಮೊದಲು. ನಾನು ಸೌಟು ಹಿಡಿದು ಹೋಗಿ ಬಡಿಸಿದೆ. ಆಮೇಲೆ ನನ್ನ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಫ್ರಿಜ್ ಇದ್ದ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಲ್ಲಿಂದ ಅವರಿಬ್ಬರ ತಟ್ಟೆಗಳೂ ಚೆನ್ನಾಗಿ ಕಾಣುತ್ತಿದ್ದವು.