ಅವನ ಒಂದೇ ಸ್ವರ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ರಾಯಚೂರಿನ ನಮ್ಮ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುವವರು ಇಬ್ಬರೇ, ನಾನು ಮತ್ತು ಅವನು. ಅಭ್ಯಾಸಕ್ಕೆ ಕೂತರೆ ನಾನು ದಿನವಿಡೀ ತುತ್ತೂರಿಯನ್ನು ತುಟಿಗೆ ಒತ್ತಿಕೊಂಡು ಹಾಡಿನ ಮೇಲೆ ಹಾಡು ಊದುತ್ತಿದ್ದೆ. ಅವನು ಒಂದೇ ಸ್ವರವನ್ನು ಉದ್ದಕ್ಕೆ ಎಳೆದು, ಅಷ್ಟೇ ಹೊತ್ತು ತುತ್ತೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಅವನು ಸೋಮಾರಿ ಎಂದು, ನಮಗೆ ಊದಲು ಕಲಿಸುತ್ತಿದ್ದ ಉಸ್ತಾದರ ಹತ್ತಿರ ಚಾಡಿ ಹೇಳಿದೆ.

"ತುಟಿಗಿ ಆರಾಮ ಕೊಡಾಕತ್ತಾನಲೇ ಅಂವ. ನೀನೂ ಕೊಡು," ಎಂದರು.

ನಾನು ಕೇಳಲಿಲ್ಲ. ಮಾನ್ವಿಯ ಮೆರವಣಿಗೆಯಲ್ಲಿ ಅರ್ಧ ದಾರಿಗೇ ತುಟಿ ಬಾತು, ನನ್ನ ತುತ್ತೂರಿಯಿಂದ ಬರೀ ಗಾಳಿ ಬಂತು. ಮದುವೆ ಮನೆಯವರೆಗೂ ಅವನೊಬ್ಬನೇ ಊದಿದ. ನನಗೆ ಹೊಟ್ಟೆ ಉರಿದುಹೋಯಿತು. ಮರುದಿನದಿಂದ ಬಾಗಿಲು ಹಾಕಿಕೊಂಡು ನಾನೂ ಒಂದೇ ಸ್ವರ ಎಳೆಯತೊಡಗಿದೆ.

ದೇವದುರ್ಗದ ನನ್ನ ಶಿಷ್ಯರಿಗೆ ಈಗ ಅದನ್ನೇ ಕಲಿಸುತ್ತೇನೆ. ಯಾರಿಂದ ಕಲಿತಿರಿ ಎಂದು ಕೇಳಿದರೆ ಉಸ್ತಾದರ ಹೆಸರು ಹೇಳುತ್ತೇನೆ. ಅವನ ಹೆಸರು ಮಾತ್ರ ಇವತ್ತಿಗೂ ಬಾಯಿಗೆ ಬರುವುದಿಲ್ಲ.